ಆ ಮಂಚ ರಾಜನದಲ್ಲ

"ರಾಜ ಎಲ್ಲಿ ಮಲಗ್ತಿದ್ದ?"

ಕೇಳಿದ್ದು ನಮ್ಮ ದೊಡ್ಡಪ್ಪನ ಮಗನ ಏಳು ವರ್ಷದ ಮಗಳು. ಮೈಸೂರಿನ ಲಲಿತಮಹಲ್ ಅರಮನೆಯ ಒಂದು ಕೋಣೆ, ರಾತ್ರಿ ಹತ್ತರ ಹೊತ್ತು. ಅಣ್ಣ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದ ಮೇಲೆ ಊರಿಗೆ ಬಂದವನು, ಹೆಂಡತಿ ಮಗಳನ್ನು ಒಂದು ರಾತ್ರಿ ಅರಮನೆಯಲ್ಲಿ ಮಲಗಿಸಬೇಕೆಂದು ಎರಡು ಕೋಣೆ ಹಿಡಿದಿದ್ದ. "ನೀನೂ ಬಾರಮ್ಮಿ, ಹಿಸ್ಟರಿ ಎಲ್ಲಾ ಓದಿದ್ದೀಯ, ಮಗೂಗೆ ಹೇಳೀವಂತೆ" ಎಂದು ನನ್ನನ್ನೂ ಕಾರಿಗೆ ಹತ್ತಿಸಿಕೊಂಡ. ನಾನು ಓದುತ್ತಿರುವುದು ಹಿಸ್ಟರಿಯಲ್ಲ. ಹಳೇ ಮೈಸೂರು ಸೀಮೆಯ ಜನಪದ ಕಥೆಗಳಲ್ಲಿ ಬರುವ ಅರಮನೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಆದರೆ ಅದರ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಬೇಕಿಲ್ಲ.

"ರಾಜ ಇಲ್ಲಿ ಮಲಗ್ತಿರಲಿಲ್ಲ ಪುಟ್ಟ" ಎಂದೆ.

"ಮತ್ಯಾರು?"

"ವೈಸ್‌ರಾಯ್."

"ಹಂಗಂದ್ರೆ?"

ಹಂಗಂದ್ರೆ ಏನೆಂದು ಏಳು ವರ್ಷದ ಮಗುವಿಗೆ ಹೇಳಲು ನನಗೆ ಆ ರಾತ್ರಿ ಆಗಲಿಲ್ಲ. ಅಣ್ಣ ಪಕ್ಕದ ಕುರ್ಚಿಯಿಂದ, "ಎಲ್ಲಾದಕ್ಕೂ ಕೊಂಕು ತೆಗೀಬೇಡ ಕಣಮ್ಮಿ. ಒಂದಿನ ರಾಜನಂಗೆ ಇರೋದು ತಪ್ಪಾ?" ಎಂದ. ಆಗ ಸುಮ್ಮನಾದೆ. ಈ ಬರಹ ಅವನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ರಾತ್ರಿ ನನಗೆ ಸುಖವಾಗಿತ್ತು. ಎತ್ತರದ ಚಾವಣಿ, ಇಟಲಿಯ ಅಮೃತಶಿಲೆಯ ಮೆಟ್ಟಿಲು, ಪಂಜರದಂಥ ಹಳೇ ಲಿಫ್ಟು, ಒಂದು ಕಾಲಕ್ಕೆ ದೊರೆಸಾನಿಯರು ಕುಣಿಯುತ್ತಿದ್ದ ಹಾಲ್‌ನಲ್ಲಿ ಈಗ ಊಟದ ಮೇಜುಗಳು, ಮೇಲೆ ಬಣ್ಣದ ಗಾಜಿನ ಗುಮ್ಮಟ. ತಿಂಗಳುಗಟ್ಟಲೆ ಬಾರದ ಫೆಲೋಶಿಪ್ಪಿನ ದಾರಿ ಕಾಯುತ್ತಾ, ಹಾಸ್ಟೆಲ್ಲಿನ ಬಕೆಟ್ ನೀರಿಗೆ ಸರದಿ ನಿಲ್ಲುವವಳಿಗೆ ಇದೆಲ್ಲ ಬೇಡವಾಗಲು ನಾನೇನು ಸನ್ಯಾಸಿಯಲ್ಲ. ಕೆಲಸದವರು ಒಳ್ಳೆಯವರು. ನನ್ನ ಚೀಲ ಎತ್ತಿಕೊಂಡ ಹಿರಿಯರೊಬ್ಬರು ನನ್ನ ಮಾತಿನ ವರಸೆ ಕೇಳಿಯೇ "ಯಾವೂರವ್ವ?" ಎಂದರು. ಕಿರಂಗೂರು ಎಂದೆ. "ಬನ್ನಿಮಂಟಪದ ಕಿರಂಗೂರಾ?" ಎಂದು ಮುಖ ಅರಳಿಸಿದರು. ಅವರದು ಪಾಂಡವಪುರದ ಕಡೆ. ಚೀಲ ನಾನೇ ಹಿಡಿಯುತ್ತೇನೆಂದರೆ ಬಿಡಲಿಲ್ಲ. ಹೀಗಾಗಿ ನನ್ನ ಜಗಳ ಆ ಹೋಟೆಲಿನ ಜೊತೆ ಅಲ್ಲ. ಅಲ್ಲಿ ಮಲಗಿ ನಾವು ಕಾಣುವ ಕನಸಿನ ಜೊತೆ.

ಆ ಕನಸಿನಲ್ಲಿ ನಾವು ರಾಜರು. ರಾಜಸ್ಥಾನದಿಂದ ಮೈಸೂರಿನವರೆಗೆ ಅರಮನೆ ಹೋಟೆಲುಗಳ ವ್ಯಾಪಾರವೆಲ್ಲ ನಿಂತಿರುವುದು ಈ ಒಂದೇ ಮಾತಿನ ಮೇಲೆ: ಒಂದು ರಾತ್ರಿಗೆ ನೀವೇ ಮಹಾರಾಜ. ಜೈಪುರದ ರಾಮ್‌ಬಾಗ್ ಅರಮನೆ 1957ರಲ್ಲಿ ಹೋಟೆಲಾಯಿತು. ಉದಯಪುರದ ಸರೋವರದ ನಡುವಿನ ಅರಮನೆ 1963ರಲ್ಲಿ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ಬಿರುದುಗಳನ್ನೂ ತೆಗೆದುಹಾಕಿದ ಮೇಲೆ ಈ ದಾರಿ ಹೆದ್ದಾರಿಯಾಯಿತು. ಲಲಿತಮಹಲ್ 1974ರಲ್ಲಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ ಹೋಟೆಲಾಯಿತು. ಈಚೆಗೆ ರಾಜ್ಯ ಸರ್ಕಾರದ ಕೈಗೆ ಬಂದಿದೆ. ಸಂವಿಧಾನ ಅಳಿಸಿದ ಬಿರುದನ್ನು ಸರ್ಕಾರವೇ ರಾತ್ರಿಗಿಷ್ಟು ಎಂದು ಬಾಡಿಗೆಗೆ ಕೊಡುತ್ತಿರುವ ತಮಾಷೆ ಒಂದು ಕಡೆ ಇರಲಿ. ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇದೆ.

ಲಲಿತಮಹಲ್ ಯಾವತ್ತೂ ರಾಜನ ಮನೆಯಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿಸಿದ್ದು ವೈಸ್‌ರಾಯ್ ಬಂದರೆ ಇಳಿದುಕೊಳ್ಳಲೆಂದು. ವಿನ್ಯಾಸ ಮಾಡಿದವನು ಇ. ಡಬ್ಲ್ಯೂ. ಫ್ರಿಚ್ಲಿ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಮಾದರಿ ಲಂಡನ್ನಿನ ಸೇಂಟ್ ಪಾಲ್ ಚರ್ಚು. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಿಂತು ನೋಡಿದರೆ ಆ ಬಿಳಿ ಗುಮ್ಮಟ ಬೇರೆ ಯಾವುದೋ ಊರಿನಿಂದ ತಂದಿಟ್ಟ ಹಾಗೆ ಕಾಣುವುದು ಸುಮ್ಮನಲ್ಲ. ಬಂದವರಿಗೆ ತಮ್ಮ ಊರಿನಲ್ಲೇ ಇದ್ದೇವೆ ಎನ್ನಿಸಬೇಕೆಂದು ಕಟ್ಟಿದ್ದು ಅದು. ಅಲ್ಲಿ ರಾಜ ಆತಿಥೇಯ. ಉಪಚಾರ ಮಾಡಿಸಿಕೊಳ್ಳುವವನು ವೈಸ್‌ರಾಯ್. ಹಾಗಾದರೆ ದುಡ್ಡು ಕೊಟ್ಟು ಆ ಮಂಚದ ಮೇಲೆ ಮಲಗುವ ನಮ್ಮಣ್ಣ ಯಾರ ಪಾತ್ರ ಹಾಕಿದ ಹಾಗಾಯಿತು? ಕಿರಂಗೂರಿನ ಗದ್ದೆಯಲ್ಲಿ ಹುಟ್ಟಿದವನು ರಾಜನಾಗುತ್ತೇನೆಂದು ಹೋಗಿ, ರಾಜನೇ ಕೈಕಟ್ಟಿ ನಿಂತು ಬರಮಾಡಿಕೊಳ್ಳುತ್ತಿದ್ದ ದೊರೆಯ ಜಾಗದಲ್ಲಿ ಮಲಗಿ ಬಂದ.

ನಾಲ್ವಡಿಯವರು ಯಾಕೆ ಹಾಗೆ ಉಪಚರಿಸಬೇಕಾಯಿತು ಎಂಬುದನ್ನು ಕೇಳದಿದ್ದರೆ ಈ ಕಥೆ ಅರ್ಧವೂ ಆಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರಿಗೆ ರಾಜ್ಯ ಮರಳಿತು, ಬಿಟ್ಟಿಯಾಗಿ ಅಲ್ಲ. ಪೊಗದಿ ಎನ್ನಿ, ಕಪ್ಪ ಎನ್ನಿ, ವರ್ಷಕ್ಕೆ ಏಳು ಲಕ್ಷ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕಂಪನಿಗೆ ಕಟ್ಟಬೇಕಿತ್ತು. 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡು ಐವತ್ತು ವರ್ಷ ಕಮಿಷನರುಗಳು ಆಳಿದರು. 1881ರಲ್ಲಿ ಮತ್ತೆ ಕೊಟ್ಟಾಗ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು. ಈ ಕಿತ್ತುಕೊಂಡ ನೆನಪು ಮೈಸೂರು ಅರಮನೆಗೆ ಕೊನೆಯವರೆಗೂ ಇತ್ತು. 1927ರಲ್ಲಿ ಮೈಸೂರಿಗೆ ಬಂದ ವೈಸ್‌ರಾಯ್ ಇರ್ವಿನ್ ಆ ಕಪ್ಪದಲ್ಲಿ ಹತ್ತೂವರೆ ಲಕ್ಷ ಇಳಿಸಿದ. ಕನ್ನಂಬಾಡಿ ಕಟ್ಟೆಯಿಂದ ಹುಲಿಕೆರೆ ಸುರಂಗದ ಮೂಲಕ ಮಂಡ್ಯದ ಕಡೆ ಹೋದ ಕಾಲುವೆಗೆ ಇರ್ವಿನ್ ನಾಲೆ ಎಂದು ಹೆಸರಿಟ್ಟರು. ನಾವೀಗ ಅದನ್ನು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ನಮ್ಮ ಸೀಮೆಯ ಹಳಬರ ಬಾಯಲ್ಲಿ ಇರ್ವಿನ್ ನಾಲೆ ಎಂಬ ಮಾತು ಇನ್ನೂ ಸತ್ತಿಲ್ಲ.

ಮಂಡ್ಯ ಜಿಲ್ಲೆಯ ಮನೆಗಳಲ್ಲಿ ದೇವರ ಪಟದ ಸಾಲಿನಲ್ಲೇ ನಾಲ್ವಡಿಯವರ ಪಟ ಇರುತ್ತದೆ. ನಮ್ಮ ಮನೆಯಲ್ಲೂ ಇದೆ, ಇರಲಿ. 1911ರಲ್ಲಿ ಶುರುವಾಗಿ ಎರಡು ದಶಕ ನಡೆದ ಆ ಕಟ್ಟೆ ಇಲ್ಲದಿದ್ದರೆ ನಮ್ಮ ಕಬ್ಬು ಎಲ್ಲಿ, ಭತ್ತ ಎಲ್ಲಿ, ನಾನು ಪಿಎಚ್.ಡಿ. ಎಂದುಕೊಂಡು ಓಡಾಡುವುದೆಲ್ಲಿ? 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕೆಂದ ಅರಸರು ಅವರು. ಅಂಥ ಅರಸರೂ ಒಬ್ಬ ಅಧಿಕಾರಿಯ ಬರವಿಗಾಗಿ ಸಂತ ಪಾಲನ ಗುಮ್ಮಟ ಕಟ್ಟಿಸಬೇಕಾಯಿತು. ಲಲಿತಮಹಲಿನ ನಿಜವಾದ ಕಥೆ ಇದು. ಅದರಲ್ಲಿ ವೈಭವ ಇದೆ, ಅದರ ಜೊತೆಗೆ ಒಬ್ಬ ಒಳ್ಳೆಯ ಅರಸನ ಇಕ್ಕಟ್ಟೂ ಇದೆ. "ರಾಯಲ್" ಎಂಬ ಒಂದು ಪದ ಆ ಇಕ್ಕಟ್ಟನ್ನು ಅಳಿಸಿ ಬರಿಯ ಜೂಮರ ದೀಪ ಉಳಿಸುತ್ತದೆ. ನನ್ನ ತಕರಾರು ಇಷ್ಟೇ. ನಾವು ಅಧೀನರಾಗಿದ್ದ ಕಾಲವನ್ನು ನಮಗೇ ನಮ್ಮ ವೈಭವ ಎಂದು ಮಾರಲಾಗುತ್ತಿದೆ. ನಾವು ಖುಷಿಯಿಂದ ಸೆಲ್ಫಿ ತೆಗೆದುಕೊಳ್ಳುತ್ತಿದ್ದೇವೆ.

ಸೋಲನ್ನೂ ಗೆಲುವನ್ನೂ ಮುಚ್ಚಿಡದ ಅರಮನೆ ಹೇಗಿರುತ್ತದೆ ಎಂದು ನೋಡಲು ನಮ್ಮ ತಾಲ್ಲೂಕಿಗೇ ಬನ್ನಿ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು, ಬಹುಪಾಲು ಮರದ ಕಟ್ಟಡ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಹೈದರ್, ಟಿಪ್ಪು ಆನೆ ಕುದುರೆಗಳ ಮೇಲೆ ಬರುತ್ತಿದ್ದಾರೆ. ನಡುವೆ ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಕರ್ನಲ್ ಬೇಲಿ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಈ ಅರಮನೆಯಲ್ಲೂ ಒಬ್ಬ ಅತಿಥಿ ಬಿಡಾರ ಹೂಡಿದ. ಹೆಸರು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ನಮ್ಮ ಸೀಮೆಯಲ್ಲಿ ಸೋತವರ ಅರಮನೆಯಲ್ಲಿ ಸುಖವಾಗಿ ಮಲಗುವ ಪದ್ಧತಿ ಶುರುವಾದದ್ದು ಹಾಗೆ. ರಂಗನಾಥಸ್ವಾಮಿ ಗುಡಿಯ ಹತ್ತಿರ ಇದ್ದ ಟಿಪ್ಪುವಿನ ವಾಸದ ಅರಮನೆ ಈಗ ಬರೀ ಅಡಿಪಾಯ. ಟಿಪ್ಪುವಿನ ಅರಮನೆಯ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿನ ಚಾವಣಿಯಾದವು. ಆದರೂ ಈವತ್ತು ನಮ್ಮೂರ ಶಾಲೆಯ ಮಕ್ಕಳು ಸಾಲಾಗಿ ದರಿಯಾ ದೌಲತ್‌ಗೆ ಹೋಗುತ್ತಾರೆ. ಗೋಡೆಯ ಮುಂದೆ ನಿಂತು ಯಾರು ಸೋತರು, ಯಾರು ಗೆದ್ದರು ಎಂದು ಬೆರಳಿಟ್ಟು ತೋರಿಸಿ ಜಗಳ ಆಡುತ್ತಾರೆ. ಆ ಜಗಳವೇ ಆ ಅರಮನೆಯ ಬಾಳು.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ. ಅಣ್ಣನೇ ಎತ್ತಿದ. "ಹೋಟ್ಲು ಮಾಡ್ದೆ ಇದ್ದಿದ್ರೆ ಇಷ್ಟೊತ್ಗೆ ಬಾವಲಿ ಗೂಡಾಗಿರೋದು. ನಿಮ್ ಯೂನಿವರ್ಸಿಟಿಯೋರ ಕೈಗೆ ಕೊಟ್ಟ ಅರಮನೆ ಏನಾಯ್ತು ಹೇಳು?" ಈ ಏಟು ನನಗೆ ಸರಿಯಾದ ಜಾಗಕ್ಕೇ ಬಿತ್ತು. ಅವನು ಹೇಳಿದ್ದು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಮಾತು. 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಮನೆ. ಕುವೆಂಪು ಕುಲಪತಿಗಳಾಗಿದ್ದಾಗ ವಿಶ್ವವಿದ್ಯಾನಿಲಯಕ್ಕೆ ಬಂತು. ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆಯಿತು. ಸೋಮನ ಮುಖ, ತೊಗಲುಗೊಂಬೆ, ಬೀಸುಕಲ್ಲು, ಬಿತ್ತನೆ ಕೂರಿಗೆ, ಯಕ್ಷಗಾನದ ಕಿರೀಟ ಎಲ್ಲವೂ ರಾಜಕುಮಾರಿಯ ದರ್ಬಾರಿನೊಳಗೆ ಬಂದು ಕೂತವು. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಪ್ರಜಾಪ್ರಭುತ್ವದ ಸಂಕೇತ ಯಾವುದು ಎಂದರೆ ವಿಧಾನಸೌಧಕ್ಕಿಂತ ಮೊದಲು ನಾನು ಆ ಕೋಣೆಗಳನ್ನು ಹೇಳುತ್ತೇನೆ. ಆದರೆ ಆ ಮನೆ ಸೋರಿತು. 2000ದ ದಶಕದಲ್ಲಿ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ದುರಸ್ತಿಯಾಗಿ ಮತ್ತೆ ಹದಗೆಟ್ಟಿತು. ಬಾಗಿಲು ಮುಚ್ಚಿದ ದಿನಗಳೂ ಬಂದವು. ದುಡಿಯುವ ಅರಮನೆ ಸುಣ್ಣಬಣ್ಣ ಕಾಣುತ್ತದೆ, ಓದುವ ಅರಮನೆ ಸೋರುತ್ತದೆ ಎಂದು ಅಣ್ಣ ಹೇಳಿದರೆ ನಾನು ಏನು ಹೇಳಲಿ?

ಹೇಳುವುದು ಇದೆ. ಸೋರುವುದು ಓದಿನ ಹಣೆಬರಹವಲ್ಲ, ಬಜೆಟ್ಟಿನ ತೀರ್ಮಾನ. ಅದೇ ಮೈಸೂರಿನಲ್ಲಿ ಇನ್ನೊಬ್ಬ ರಾಜಕುಮಾರಿಯ ಚೆಲುವಾಂಬ ವಿಲಾಸ 1950ರಲ್ಲಿ ಸಿಎಫ್‌ಟಿಆರ್‌ಐ ಆಯಿತು. ಎಮ್ಮೆ ಹಾಲಿನಿಂದ ಕೂಸುಗಳ ಆಹಾರ ಮಾಡುವ ವಿಧಾನ ಕಂಡುಹಿಡಿದದ್ದು ಅಲ್ಲಿನ ವಿಜ್ಞಾನಿಗಳು. ಅಮುಲ್ ಡಬ್ಬಿಗೆ ತುಂಬಿ ಮನೆಮನೆಗೆ ಕಳಿಸಿದ್ದು ಅದನ್ನೇ. ಒಬ್ಬ ರಾಜಕುಮಾರಿಯ ಮನೆಯಿಂದ ಲಕ್ಷಾಂತರ ಕೂಸುಗಳಿಗೆ ಹಾಲು ಹೋಯಿತು. ಆ ಕಟ್ಟಡ ಗಟ್ಟಿಯಾಗಿಯೇ ನಿಂತಿದೆ, ಯಾಕೆಂದರೆ ಅಲ್ಲಿ ನಡೆಯುವ ಕೆಲಸ ಬೇಕು ಎಂದು ದೇಶ ತೀರ್ಮಾನ ಮಾಡಿ ದುಡ್ಡು ಕೊಟ್ಟಿತು. ಹೋಟೆಲೇ ಆಗಬೇಕು ಎಂದರೂ ಬೇರೆ ದಾರಿ ಇದೆ. ರಾಜಕುಮಾರಿಯರ ಚಿತ್ತರಂಜನ್ ಅರಮನೆ ಆಮೇಲೆ ಪ್ರೀಮಿಯರ್ ಸ್ಟುಡಿಯೋ ಆಗಿ, 1989ರ ಬೆಂಕಿ ದುರಂತ ಕಂಡು, ಈಗ ಗ್ರೀನ್ ಹೋಟೆಲ್ ಆಗಿದೆ. ಅದರ ಲಾಭ ಹೋಗುವುದು ಸೇವಾಕಾರ್ಯಗಳಿಗೆ. ಅಲ್ಲಿಗೆ, ಅರಮನೆ ಉಳಿಯಬೇಕಾದರೆ "ನೀವೇ ಮಹಾರಾಜ" ಎಂಬ ಸುಳ್ಳು ಮಾರಲೇಬೇಕು ಎಂಬ ವಾದ ಮೈಸೂರಿನಲ್ಲೇ ಬಿದ್ದುಹೋಗುತ್ತದೆ.

ಇನ್ನು ನಮ್ಮ ಕಡೆಗೆ ತಿರುಗುತ್ತೇನೆ. ಈ ಅಂಕಣ ಓದುವ ನೀವೂ ನಾನೂ ಸಾಹಿತ್ಯದವರು, ಅಣ್ಣನಂಥವರನ್ನು ನೋಡಿ ನಗುವುದು ನಮಗೆ ಸುಲಭ. ಆದರೆ ನಮ್ಮ ಸಭೆಗಳನ್ನು ನೋಡಿ. ಬಂದವರಿಗೆಲ್ಲ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸುತ್ತೇವೆ. ಸಮ್ಮೇಳನಾಧ್ಯಕ್ಷರನ್ನು ರಥದಲ್ಲಿ ಮೆರವಣಿಗೆ ಮಾಡುತ್ತೇವೆ. ಆ ಹೋಟೆಲಿನಲ್ಲಿ ಪೇಟ ಕಂಡದ್ದು ನನ್ನ ಚೀಲ ಹೊತ್ತ ಹಿರಿಯರ ತಲೆಯ ಮೇಲೆ. ಒಂದೇ ಪೇಟ ಒಂದು ಕಡೆ ಸನ್ಮಾನ, ಇನ್ನೊಂದು ಕಡೆ ಸಮವಸ್ತ್ರ. ಎರಡೂ ಕಡೆ ಆಟ ಒಂದೇ, ಯಾರೋ ಒಬ್ಬರು ಸ್ವಲ್ಪ ಹೊತ್ತು ದೊರೆಯಾಗಬೇಕು. ಎಪ್ಪತ್ತೈದು ವರ್ಷ ಗಣರಾಜ್ಯದಲ್ಲಿ ಬದುಕಿಯೂ ಸುಖ, ಗೌರವ ಎಂದರೆ ನಮಗೆ ಬೇರೆ ಚಿತ್ರವೇ ಹೊಳೆಯುವುದಿಲ್ಲ ಎಂದರೆ ಅದರಲ್ಲಿ ನಮ್ಮ ಕಸುಬಿನವರ ಸೋಲೂ ಇದೆ.

ಜನಪದ ಕಥೆಗಳು ಈ ವಿಷಯದಲ್ಲಿ ನಮಗಿಂತ ಜಾಣ. ನಾನು ಓದಿದ, ಕೇಳಿದ ಎಷ್ಟೋ ಕಥೆಗಳಲ್ಲಿ ದೇಶಾಂತರ ಬಂದ ರಾಜಕುಮಾರ ಇಳಿದುಕೊಳ್ಳುವುದು ಊರಾಚೆಯ ಹೂವಾಡಗಿತ್ತಿ ಮುದುಕಿಯ ಗುಡಿಸಲಿನಲ್ಲಿ. ಅರಮನೆಯೊಳಗೆ ಯಾರು ಅಳುತ್ತಿದ್ದಾರೆ, ಯಾರಿಗೆ ಊಟ ಸೇರುತ್ತಿಲ್ಲ, ಯಾರನ್ನು ಸೆರೆಯಲ್ಲಿಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತು. ದಿನಾ ಹೂವು ಕೊಡಲು ಹಿಂಬಾಗಿಲಿನಿಂದ ಹೋಗಿಬರುವವಳು ಅವಳು. ಕಥೆ ಹೇಳಿದವರಿಗೆ ಅರಮನೆಯ ಮೇಲೆ ಮೋಹ ಇಲ್ಲದೆ ಇಲ್ಲ, ಚಿನ್ನದ ಉಯ್ಯಾಲೆ, ಏಳು ಸುತ್ತಿನ ಕೋಟೆ ಎಲ್ಲ ಬರುತ್ತವೆ. ಆದರೆ ಅರಮನೆಯ ಸತ್ಯ ಬೇಕಾದರೆ ಮುದುಕಿಯನ್ನು ಕೇಳಬೇಕು ಎಂಬ ವಿವೇಕ ಮಾತ್ರ ಅವರಿಗೆ ತಪ್ಪಿಲ್ಲ.

ಲಲಿತಮಹಲಿನಲ್ಲಿ ಆ ಮುದುಕಿಗೂ ಒಂದು ಕೋಣೆ ಕೊಡಿ ಎಂಬುದು ನನ್ನ ಬೇಡಿಕೆ. ಹೋಟೆಲು ಮುಚ್ಚಿ ಎನ್ನುತ್ತಿಲ್ಲ, ಅಲ್ಲಿ ದುಡಿಯುವವರು ನಮ್ಮ ಊರುಗಳವರೇ. ಒಂದು ಕೋಣೆ ಸಾಕು. ಅಲ್ಲಿ ಕನ್ನಡದಲ್ಲಿ ಬರೆದಿಡಿ: ಈ ಮನೆ ಯಾರಿಗಾಗಿ ಕಟ್ಟಿದ್ದು, ಯಾಕೆ ಕಟ್ಟಬೇಕಾಯಿತು, ಆಗ ಮೈಸೂರು ಎಷ್ಟು ಕಪ್ಪ ಕಟ್ಟುತ್ತಿತ್ತು, ಆ ಕಂದಾಯ ಯಾವ ಗದ್ದೆಗಳಿಂದ ಬರುತ್ತಿತ್ತು. ಕಲ್ಲು ಹೊತ್ತವರ, ಅಡುಗೆ ಮಾಡಿದವರ ಹೆಸರು ಪತ್ರಾಗಾರದಲ್ಲಿ ಸಿಕ್ಕರೆ ಹಾಕಿ. ತಿಂಗಳಿಗೊಂದು ದಿನ ಸರ್ಕಾರಿ ಶಾಲೆಯ ಮಕ್ಕಳನ್ನು ಮುಂಬಾಗಿಲಿನಿಂದ ಕರೆದು ತೋರಿಸಿ. ಅದು ಸಾರ್ವಜನಿಕರ ಆಸ್ತಿ, ಅದರ ವರಮಾನದಲ್ಲಿ ಒಂದು ಪಾಲು ಸೋರುತ್ತಿರುವ ಅದರ ತಂಗಿ ಜಯಲಕ್ಷ್ಮಿ ವಿಲಾಸಕ್ಕೆ ಹೋಗಲಿ. ನಾಳೆ ಯಾರಿಗಾದರೂ ಅದನ್ನು ಗುತ್ತಿಗೆ ಕೊಡುವುದಾದರೂ ಈ ಮಾತುಗಳನ್ನು ಕರಾರಿನಲ್ಲಿ ಸೇರಿಸಲಿ. ವಿದ್ಯಾರ್ಥಿಗಳಾದ ನಾವು ಕೇಳದಿದ್ದರೆ ಇದನ್ನು ಇನ್ಯಾರೂ ಕೇಳುವುದಿಲ್ಲ.

ನಮ್ಮೂರಿಗೆ ಹೀಗೆ ಕೇಳುವ ಹಕ್ಕು ಸ್ವಲ್ಪ ಹೆಚ್ಚೇ ಇದೆ. 1610ರಲ್ಲಿ ರಾಜ ಒಡೆಯರು ದಸರೆ ಶುರುಮಾಡಿದ್ದು ಶ್ರೀರಂಗಪಟ್ಟಣದಲ್ಲಿ. ರಾಜಧಾನಿ ಮೈಸೂರಿಗೆ ಹೋದಾಗ ದಸರೆಯೂ ಅದರ ಹಿಂದೆ ಹೋಯಿತು. ಈಗ ಕೆಲವು ವರ್ಷಗಳಿಂದ ಶ್ರೀರಂಗಪಟ್ಟಣದ ದಸರೆ ಮತ್ತೆ ನಡೆಯುತ್ತಿದೆ, ಅದು ಹೊರಡುವುದು ನಮ್ಮ ಕಿರಂಗೂರಿನ ಬನ್ನಿಮಂಟಪದಿಂದ. ಅಂಬಾರಿಯಲ್ಲಿ ಚಾಮುಂಡೇಶ್ವರಿ ಇರುತ್ತಾಳೆ, ರಾಜ ಇರುವುದಿಲ್ಲ. ರಸ್ತೆಯ ಎರಡೂ ಬದಿ ನಿಂತ ಯಾರಿಗೂ ರಾಜ ಇಲ್ಲವೆಂಬ ಕೊರಗು ಇದ್ದಂತೆ ನನಗೆ ಕಂಡಿಲ್ಲ. ರಾಜನಿಲ್ಲದ ಹಬ್ಬ ಮಾಡಲು ನಮಗೆ ಬರುತ್ತದೆ. ರಾಜನಾಗದೆ ಸುಖಪಡುವುದೂ ಬಂದೀತು.

ಮಾರನೇ ದಿನ ಮಧ್ಯಾಹ್ನ ನಾವು ಊರಿಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ವರ್ಷವರ್ಷ ಆಷಾಢದಲ್ಲಿ ಚಾಮುಂಡಿ ಬೆಟ್ಟ ಹತ್ತಿ ಆ ಬಿಳಿ ಗುಮ್ಮಟವನ್ನು ಮೇಲಿನಿಂದ ನೋಡಿದವಳು, ಒಳಗೆ ಹೋದವಳಲ್ಲ.

"ಹೆಂಗಿತ್ತವ್ವ ದೊರೆ ಮನೆ?"

"ಅದು ದೊರೆ ಮನೆ ಅಲ್ಲ ಕಣಜ್ಜಿ. ಬಿಳಿಯೋರು ಬಂದ್ರೆ ಇಳ್ಕೊಳ್ಳಕ್ಕೆ ಅಂತ ದೊರೆ ಕಟ್ಸಿದ ಛತ್ರ."

ಅಜ್ಜಿ ಸಿಪ್ಪೆಯನ್ನು ಮೊರದ ಅಂಚಿಗೆ ಸರಿಸಿ, ಅಣ್ಣನ ಕಡೆ ತಿರುಗಿದಳು. "ದೊರೆ ಕಟ್ಸಿದ ಛತ್ರ ಅಂದ್ಮೇಲೆ ನಿನ್ತಾವ ದುಡ್ಡು ಯಾಕ್ಲಾ ಇಸ್ಕೊಂಡ್ರು?"

ಅಣ್ಣ ನನ್ನ ಮುಖ ನೋಡಿದ. ನಾನು ಮೊರದ ಹತ್ತಿರ ಕೂತು ಅವರೆಕಾಯಿಗೆ ಕೈ ಹಾಕಿದೆ.